ಫ್ರೆಂಡು "ಅಪ್ಪನಿಗೋಸ್ಕರ ಪ್ರಾರ್ಥನೆ ಮಾಡು" ಅಂದ, ದೇವರನ್ನ ನಂಬದ ನಾನು ಏನ್ ಹೇಳ್ಬೇಕಿತ್ತು?

ಅರೆನಿದ್ದೆ:

ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. ಎರಡು ವಾರದಿಂದ ತಲೇಲಿ ಕೊರೀತಾ ಇದೆ, ಮನೇಲಿ ಹೇಳ್ಕೊಳ್ಳೋ ಹಾಗೂ ಇಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ನಂಗೆ ದೇವರ ಮೇಲೆ ನಂಬಿಕೆ ಹೋಗಿ ಹತ್ತು ಹನ್ನೊಂದು ವರ್ಷ ಆಯ್ತು. ಯಾವ್ದೋ ಒಂದಿನ ದಢಾರ್ ಅಂತ ಹೋಗಿದ್ದಲ್ಲ, ಯಾರ ಮೇಲೋ ಸಿಟ್ಟು ಮಾಡ್ಕೊಂಡು ಬಿಟ್ಟಿದ್ದೂ ಅಲ್ಲ (ಎಲ್ಲಾರೂ ಮೊದಲು ಕೇಳೋದೇ ಅದು, "ಏನಾಯ್ತು ನಿಂಗೆ, ಯಾರಾದ್ರೂ ತೀರ್ಕೊಂಡ್ರಾ?" ಅಂತ). ಚಳಿ ಕಳೆದು ಸೆಕೆ ಬಂದ ಹಾಗೆ, ಇಂಥ ತಾರೀಖಿಗೆ ಅಂತ ಹೇಳಕ್ಕಾಗಲ್ಲ, ಒಂದು ರಾತ್ರಿ ನೋಡಿದ್ರೆ ಹೊದಿಕೆ ಬೇಡ ಅನ್ಸಿತ್ತು ಅಷ್ಟೆ.

ನನ್ನ ಆಪ್ತ ಸ್ನೇಹಿತ ಒಬ್ಬ ಇದಾನೆ, 18 ವರ್ಷದ ಸ್ನೇಹ. ಅವನಿಗೆ ದೇವರಂದ್ರೆ ತುಂಬಾ ಭಕ್ತಿ, ತೋರಿಕೆಗಲ್ಲ ನಿಜವಾಗ್ಲೂ. ಈ ವಿಷ್ಯಕ್ಕೆ ನಾವು ಯಾವತ್ತೂ ಜಗಳ ಆಡಿಲ್ಲ, ಅವನು ನನ್ನ "ಏನೋ ನಾಸ್ತಿಕ" ಅಂತಾನೆ, ನಾನು "ಹೇಳೋ ಭಕ್ತ" ಅಂತೀನಿ, ಅಷ್ಟಕ್ಕೇ ಮುಗೀತು. ಎರಡು ವಾರದ ಹಿಂದೆ ಅವನ ಅಪ್ಪಂಗೆ ಹಾರ್ಟ್ ಅಟ್ಯಾಕ್ ಆಗಿ ಐಸಿಯುಗೆ ಹಾಕಿದ್ರು. ರಾತ್ರಿ ಒಂದೂವರೆಗೆ ಫೋನ್ ಮಾಡ್ದ. ಧ್ವನಿನೇ ಬೇರೆ ಥರ ಇತ್ತು. ಎಲ್ಲಾ ಹೇಳಿ ಕೊನೆಗೆ "ನೀನೂ ಒಂದು ಪ್ರಾರ್ಥನೆ ಮಾಡೋ ಅಪ್ಪನಿಗೋಸ್ಕರ, ಪ್ಲೀಸ್" ಅಂದ.

ನಾನು "ನಂಗೆ ಅದ್ರಲ್ಲಿ ನಂಬಿಕೆ ಇಲ್ಲ ಅಂತ ನಿಂಗೆ ಗೊತ್ತಲ್ಲೋ, ಆದ್ರೆ ಬೇರೆ ಏನ್ ಬೇಕಾದ್ರೂ ಹೇಳು, ಈಗ್ಲೇ ಹೊರಟು ಬರ್ತೀನಿ" ಅಂದೆ.

ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ "ಸರಿ ಬಿಡು" ಅಂತ ಇಟ್ಟ.

ನಾನು ಹೋದೆ, ಎರಡು ರಾತ್ರಿ ಆಸ್ಪತ್ರೆ ಬೆಂಚಿನ ಮೇಲೆ ಮಲಗಿದೆ, ಔಷಧಿ ತಂದ್ಕೊಟ್ಟೆ, ದುಡ್ಡಿಗೆ ಓಡಾಡಿದೆ. ಅವರಪ್ಪ ಈಗ ವಾರ್ಡಿಗೆ ಬಂದಿದಾರೆ, ಪರವಾಗಿಲ್ಲ. ಆದ್ರೆ ಇವನು ನನ್ನ ಹತ್ರ ಪರಿಚಯದೋರ ಹತ್ರ ಮಾತಾಡೋ ಥರ ಮಾತಾಡ್ತಿದಾನೆ. ಮೊನ್ನೆ "ಥ್ಯಾಂಕ್ಸ್" ಅಂದ. 18 ವರ್ಷದಲ್ಲಿ ಒಂದ್ಸಲನೂ ನಂಗೆ ಥ್ಯಾಂಕ್ಸ್ ಹೇಳಿದೋನಲ್ಲ ಅವನು.

ನಂಗೆ ಗೊತ್ತಾಗ್ಬೇಕಿರೋದು ಇಷ್ಟೆ: "ಮಾಡ್ತೀನಿ" ಅಂತ ಸುಳ್ಳು ಹೇಳ್ಬೇಕಿತ್ತಾ? ಹೇಳಿ ಮಾಡದೇ ಇದ್ರೆ ಅದು ಅವನಿಗೆ ಮೋಸ ಅಲ್ವಾ? ಅಥವಾ ನಂಬಿಕೆ ಇಲ್ದೆನೂ ಕಣ್ಮುಚ್ಚಿ ಕೂತು ನಾಲ್ಕು ಮಾತು ಅಂದ್ಕೋಬೇಕಿತ್ತಾ? ದೇವರನ್ನ ನಂಬೋರು, ನಂಬದೇ ಇರೋರು ಇಬ್ಬರೂ ಹೇಳಿ. ಬೈಯೋದಾದ್ರೆ ಬೈರಿ ಪರವಾಗಿಲ್ಲ.

---

ಲೆಕ್ಕಾಚಾರಿ:

ನೀನು ಮಾಡಿದ್ದೇ ಸರಿ ಗುರು. ತಪ್ಪಿತಸ್ಥನ ಥರ ಯಾಕೆ ಬರೀತಿದೀಯ?

ಸುಮ್ನೆ ಬಾಯಿಮಾತಿಗೆ ಹೇಳ್ತಿಲ್ಲ, ಇದನ್ನ ಪರೀಕ್ಷೆನೇ ಮಾಡಿ ನೋಡಿದಾರೆ. ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ಅನ್ನೋ ಹೃದಯತಜ್ಞರ ತಂಡ 6 ಆಸ್ಪತ್ರೆಗಳ 1802 ಬೈಪಾಸ್ ರೋಗಿಗಳನ್ನ ಮೂರು ಗುಂಪು ಮಾಡಿ ನೋಡ್ತು, ರಿಸಲ್ಟ್ 2006ರಲ್ಲಿ ಬಂತು. ಮೊದಲ್ನೇ ಗುಂಪಿನೋರಿಗೆ ಬೇರೆಯೋರು ಪ್ರಾರ್ಥನೆ ಮಾಡ್ತಿದ್ರು, ಎರಡ್ನೇ ಗುಂಪಿಗೆ ಮಾಡ್ತಿರ್ಲಿಲ್ಲ, ಈ ಎರಡೂ ಗುಂಪಿನೋರಿಗೆ "ನಿಮಗೋಸ್ಕರ ಮಾಡ್ಬಹುದು, ಮಾಡದೇ ಇರಬಹುದು" ಅಂತಷ್ಟೇ ಹೇಳಿದ್ರು. ಮೂರ್ನೇ ಗುಂಪಿಗೆ ಮಾತ್ರ "ನಿಮಗೋಸ್ಕರ ಖಂಡಿತ ಪ್ರಾರ್ಥನೆ ನಡೀತಿದೆ" ಅಂತ ಹೇಳಿ ಪ್ರಾರ್ಥನೆನೂ ಮಾಡಿಸಿದ್ರು. ಆಪರೇಷನ್ ಆದ ಮೇಲೆ ತೊಂದರೆ ಕಾಣಿಸಿಕೊಂಡಿದ್ದು ಮೊದಲ್ನೇ ಗುಂಪಲ್ಲಿ 52%, ಎರಡ್ನೇದ್ರಲ್ಲಿ 51%. ಅಂದ್ರೆ ವ್ಯತ್ಯಾಸನೇ ಇಲ್ಲ. ಖಂಡಿತ ಅಂತ ಗೊತ್ತಿದ್ದೋರಲ್ಲಿ? 59%. ಜಾಸ್ತಿನೇ ಆಯ್ತು.

ಇದಕ್ಕೂ ಮುಂಚೆ 1872ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಒಂದು ಲೇಖನ ಬರೆದಿದ್ದ. ರಾಜರ ಆಯುಸ್ಸಿಗೆ ಇಡೀ ದೇಶ ಪ್ರಾರ್ಥನೆ ಮಾಡತ್ತಲ್ಲ, ಹಾಗಿದ್ರೆ ಅವರು ಬೇರೆ ಶ್ರೀಮಂತರಿಗಿಂತ ಜಾಸ್ತಿ ವರ್ಷ ಬದುಕ್ಬೇಕಲ್ವಾ ಅಂತ ಲೆಕ್ಕ ತೆಗ್ದ. ಅವರೇ ಎಲ್ಲರಿಗಿಂತ ಬೇಗ ಸತ್ತಿದ್ರು 😀

ಅದಕ್ಕೇ ಹೇಳೋದು, ನೀನು ಎರಡು ರಾತ್ರಿ ಬೆಂಚಲ್ಲಿ ಮಲಗಿದ್ಯಲ್ಲ ಅದು ಸಾವಿರ ಪ್ರಾರ್ಥನೆಗಿಂತ ಜಾಸ್ತಿ. ಅದು ಅವನಿಗೆ ಕಾಣಿಸ್ತಿಲ್ಲ ಅಂದ್ರೆ ಪ್ರಾಬ್ಲಮ್ ಅವನದು. ನಾವೇ ಯಾಕೆ ಯಾವಾಗ್ಲೂ ಬಗ್ಬೇಕು?

---

ನಿವೃತ್ತ ನರ್ಸಮ್ಮ:

ಲೆಕ್ಕಾಚಾರಿ ಅವರೇ, ನಿಮ್ಮ ಲೆಕ್ಕ ಸರಿ ಇರಬಹುದು. ಆದ್ರೆ ರಾತ್ರಿ ಒಂದೂವರೆಗೆ ಫೋನ್ ಮಾಡಿದ ಹುಡುಗ ಲೆಕ್ಕ ಕೇಳಿದ್ನಾ?

ನಾನು ದೇವರನ್ನ ನಂಬೋಳು, ಮೊದಲೇ ಹೇಳ್ಬಿಡ್ತೀನಿ. ಮೂವತ್ತು ವರ್ಷ ನರ್ಸ್ ಆಗಿದ್ದೆ, ಅದ್ರಲ್ಲಿ ಹೆಚ್ಚಿನದು ಐಸಿಯುನಲ್ಲೇ. ಐಸಿಯು ಬಾಗಿಲ ಹೊರಗೆ ಕೂತಿರ್ತಾರಲ್ಲ ಜನ, ಅವರಿಗೆ ಮಾಡಕ್ಕೆ ಏನೂ ಕೆಲಸ ಇರಲ್ಲ, ಅದೇ ಅವರ ದೊಡ್ಡ ಕಷ್ಟ. ಒಳಗಡೆ ಮೆಷಿನ್ ಇದೆ ಡಾಕ್ಟರ್ ಇದಾರೆ ನಾವಿದೀವಿ, ಹೊರಗಡೆ ಮಗ ಅನ್ನೋನಿಗೆ ಒಂದು ಲೋಟ ನೀರು ಕುಡಿಸಕ್ಕೂ ಬಿಡಲ್ಲ. ಅಂಥ ಹೊತ್ತಲ್ಲಿ ಕೈಗೆ ಸಿಗೋ ಒಂದೇ ಕೆಲಸ ಪ್ರಾರ್ಥನೆ. ಅದು ಫಲ ಕೊಡತ್ತೋ ಬಿಡತ್ತೋ ಆಮೇಲಿನ ಮಾತು. "ನೀನೂ ಮಾಡು" ಅಂತ ಯಾರಿಗೋ ಹೇಳ್ತಾರೆ ಅಂದ್ರೆ "ನಂಗೊಬ್ಬಂಗೇ ಇದು ಹೊರಕ್ಕಾಗ್ತಿಲ್ಲ, ಒಂದು ಕೈ ಹಾಕು" ಅಂತ ಅರ್ಥ. ನಂಗೂ ನೂರಾರು ಜನ ಹೇಳಿದಾರೆ, "ಸಿಸ್ಟರ್, ನಮ್ಮ ಅಮ್ಮನಿಗೆ ನೀವೂ ಬೇಡ್ಕೊಳ್ಳಿ" ಅಂತ. ಒಬ್ರೂ ನಾನು ಯಾವ ದೇವರಿಗೆ ಬೇಡ್ಕೊಳ್ತೀನಿ, ಬೇಡ್ಕೊಳ್ತೀನೋ ಇಲ್ವೋ ಅಂತ ಕೇಳ್ಲಿಲ್ಲ.

ನಮ್ಮ ಜೊತೆ ಒಬ್ರು ಡಾಕ್ಟರ್ ಇದ್ರು, ಪಕ್ಕಾ ನಾಸ್ತಿಕರು. ಅವರಿಗೂ ಜನ ಹೀಗೇ ಹೇಳೋರು. ಅವರು ಒಂದು ದಿನಾನೂ "ಮಾಡ್ತೀನಿ" ಅಂದಿದ್ದು ನಾನು ಕೇಳಿಲ್ಲ, "ನಂಗೆ ನಂಬಿಕೆ ಇಲ್ಲ" ಅಂದಿದ್ದೂ ಕೇಳಿಲ್ಲ. ಅವರು ಪಕ್ಕದಲ್ಲಿ ಕೂತು "ನಿಮ್ಮ ಅಪ್ಪನ ಹೆಸರೇನು? ಏನ್ ಕೆಲಸ ಮಾಡ್ತಿದ್ರು?" ಅಂತ ಕೇಳೋರು. ಕೇಳಿ ನೆನಪಿಟ್ಟುಕೊಳ್ಳೋರು, ಮಾರನೇ ದಿನ ರೌಂಡ್ಸಿಗೆ ಬಂದಾಗ ಪ್ರಜ್ಞೆ ಇಲ್ದೇ ಮಲಗಿರೋ ಮನುಷ್ಯನ್ನ ಹೆಸರು ಹಿಡಿದು ಕರೆಯೋರು. ಹೊರಗೆ ಕೂತಿದ್ದೋರಿಗೆ ಅಷ್ಟು ಸಾಕಾಗ್ತಿತ್ತು. ಅವರು ನಾಸ್ತಿಕರು ಅಂತ ಎಷ್ಟೋ ಜನಕ್ಕೆ ಗೊತ್ತೂ ಆಗ್ಲಿಲ್ಲ, ಗೊತ್ತಾದೋರು ಬೇಜಾರೂ ಮಾಡ್ಕೊಳ್ಳಲಿಲ್ಲ.

ಅರೆನಿದ್ದೆ ಅವರೇ, ಸುಳ್ಳು ಹೇಳ್ಬೇಕಿತ್ತು ಅಂತ ನಾನು ಅನ್ನಲ್ಲ ಪುಟ್ಟ. ಸುಳ್ಳಿಗೂ "ನಂಗೆ ನಂಬಿಕೆ ಇಲ್ಲ" ಅನ್ನೋದಕ್ಕೂ ನಡುವೆ ಬೇಕಾದಷ್ಟು ಜಾಗ ಇದೆ.

---

ನಂಬಿದೋನು:

ನಾನು ಸ್ವಲ್ಪ ಖಾರವಾಗೇ ಬರೀತೀನಿ, ಬೈರಿ ಅಂತ ನೀವೇ ಕೇಳಿದೀರ.

ನಿಮ್ಮ ಉತ್ತರ ಮತ್ತೆ ಓದ್ಕೊಳ್ಳಿ. ಅಪ್ಪ ಸಾವು ಬದುಕಿನ ನಡುವೆ ಮಲಗಿದಾರೆ, ಅದರ ಬಗ್ಗೆ ಮಾತು ನಡೀತಿದೆ, ನಿಮ್ಮ ವಾಕ್ಯ ಶುರುವಾಗೋದು ಎಲ್ಲಿಂದ? "ನಂಗೆ". ಆ ಎರಡು ನಿಮಿಷದಲ್ಲೂ ನಿಮ್ಮ ತತ್ವಕ್ಕೆ ಗೀರು ಬೀಳಬಾರದು ಅನ್ನೋದೇ ನಿಮಗೆ ಮುಖ್ಯ ಆಗೋಯ್ತು. ಅವನಿಗೆ 18 ವರ್ಷದಿಂದ ಗೊತ್ತಿರೋ ವಿಷ್ಯ ಅದು, ಮತ್ತೆ ನೆನಪಿಸೋ ಅಗತ್ಯ ಏನಿತ್ತು? ನೀವು ನಾಸ್ತಿಕರು ಅಂತ ಗೊತ್ತಿದ್ದೂ ಕೇಳಿದಾನೆ ಅಂದ್ರೆ ಅದಕ್ಕೊಂದು ಬೆಲೆ ಇದೆ. ನಮ್ಮಂಥೋರು ಪ್ರಾರ್ಥನೆ ಮಾಡಿ ಅಂತ ಸಿಕ್ಕ ಸಿಕ್ಕೋರಿಗೆಲ್ಲ ಕೇಳಲ್ಲ. ನಮ್ಮೋರು ಅನ್ಸಿದೋರಿಗೆ ಮಾತ್ರ ಕೇಳ್ತೀವಿ.

ಇನ್ನು ಲೆಕ್ಕಾಚಾರಿ ಸಾರ್. ನಾನೂ ಇಂಜಿನಿಯರೇ, ಆ ಸ್ಟಡಿ ನಾನೂ ಓದಿದೀನಿ. ಅಲ್ಲಿ ಪ್ರಾರ್ಥನೆ ಮಾಡಿದೋರು ಪರಿಚಯನೇ ಇಲ್ಲದೋರು, ಅವರ ಕೈಗೆ ರೋಗಿಯ ಮೊದಲ ಹೆಸರು, ಇನಿಷಿಯಲ್ ಅಷ್ಟೇ ಇದ್ದಿದ್ದು, ಹೇಳಬೇಕಾದ ಮಾತೂ ಮೊದಲೇ ಬರೆದುಕೊಟ್ಟಿದ್ದು. ನಾವು ಮಾಡೋ ಪ್ರಾರ್ಥನೆ ಅದಲ್ಲ ಸಾರ್. ಅದನ್ನ ಮಾತ್ರೆ ಥರ ಎರಡು ಡೋಸ್ ಕೊಟ್ಟು ಅಳೆಯಕ್ಕೆ ಹೊರಟಿದ್ದೇ ತಪ್ಪು, ಅಳೆದೋರಲ್ಲೂ ನಂಬೋರು ಇದ್ರು ಅನ್ನೋದು ಬೇರೆ ಮಾತು. ಹಾಗೇ ನಿಮ್ಮ ಗಾಲ್ಟನ್ ಅದೇ ಲೇಖನದ ಕೊನೇಲಿ ಪ್ರಾರ್ಥನೆಯಿಂದ ಮನಸ್ಸಿಗೆ ಸಮಾಧಾನ, ಬಲ ಸಿಗಬಹುದು ಅಂತ ಒಪ್ಕೊಂಡಿದಾನೆ, ಅದನ್ನ ಯಾಕೆ ಬಿಟ್ರಿ?

ನಂಬೋರೆಲ್ಲ ಬುದ್ಧಿ ಅಡ ಇಟ್ಟೋರು ಅನ್ನೋ ಥರ ಮಾತಾಡೋದು ನಿಲ್ಲಿಸಿ, ಆಮೇಲೆ ಪರಸ್ಪರ ಅರ್ಥ ಮಾಡ್ಕೊಳ್ಳೋದರ ಬಗ್ಗೆ ಮಾತಾಡೋಣ.

---

ಖಾಲಿ ಜೋಕಾಲಿ:

ನಾನು ಸಾಮಾನ್ಯ ಬರೆಯಲ್ಲ, ಓದಿ ಹೋಗ್ತೀನಿ. ನಂಬಿದೋನು ಅವರ ಕಾಮೆಂಟ್ ಓದಿ ಬರೀಬೇಕು ಅನ್ಸ್ತು. ಯಾಕಂದ್ರೆ ಇದರ ಇನ್ನೊಂದು ಮಗ್ಗುಲು ನಾನು ನೋಡಿದೀನಿ.

ಆರು ವರ್ಷದ ಹಿಂದೆ ನಮ್ಮ ಮಗು ಹುಟ್ಟಿ ನಾಲ್ಕು ದಿನಕ್ಕೆ ಹೋಯ್ತು. ನಾನೂ ನನ್ನ ಗಂಡನೂ ಇಬ್ಬರೂ ದೇವರನ್ನ ನಂಬಲ್ಲ, ಬಂಧುಗಳಿಗೆಲ್ಲ ಗೊತ್ತು. ಬಂದೋರು ಒಬ್ಬೊಬ್ಬರಾಗಿ ಏನ್ ಹೇಳಿದ್ರು ಗೊತ್ತಾ, "ಎಲ್ಲಾ ಅವನ ಇಚ್ಛೆ", "ಒಳ್ಳೆ ಜೀವಗಳನ್ನ ದೇವರು ಬೇಗ ಕರ್ಕೊಳ್ತಾನೆ", "ಏನೋ ಒಳ್ಳೇದಕ್ಕೇ ಆಗಿರತ್ತೆ". ಒಬ್ರಂತೂ "ಈಗ್ಲಾದ್ರೂ ನಂಬ್ತೀರಾ?" ಅಂದ್ರು. ನಾಲ್ಕು ದಿನದ ಮಗು. ನಾನು ಏನೂ ಅನ್ಲಿಲ್ಲ, ಎಲ್ಲಾದಕ್ಕೂ ತಲೆ ಆಡಿಸ್ದೆ, ಅವರ ಮನಸ್ಸಿಗೆ ನೋವಾಗ್ಬಾರ್ದು ಅಂತ!! ನನ್ನ ಮಗು ಸತ್ತಾಗ್ಲೂ ಬೇರೆಯೋರ ನಂಬಿಕೆಗೆ ನೋವಾಗದ ಹಾಗೆ ನಾನು ನೋಡ್ಕೋಬೇಕಿತ್ತು. ಅದಕ್ಕೆ ಲೆಕ್ಕಾಚಾರಿ ಅವರು "ನಾವೇ ಯಾಕೆ ಯಾವಾಗ್ಲೂ ಬಗ್ಬೇಕು" ಅಂದಿದ್ದು ಎಲ್ಲಿಂದ ಬಂತು ಅಂತ ನಂಗೆ ಅರ್ಥ ಆಗತ್ತೆ.

ಆದ್ರೆ ಅದೇ ಮನೇಲಿ ನಮ್ಮತ್ತೆನೂ ಇದ್ರು. ದಿನಕ್ಕೆರಡು ಸಲ ಪ್ರಾರ್ಥನೆ ಮಾಡದೇ ಊಟ ಮುಟ್ಟದೋರು. ಅವರು ನಂಗೆ ದೇವರ ವಿಷ್ಯ ಒಂದಕ್ಷರ ಹೇಳ್ಲಿಲ್ಲ. ಬಂದು ಬಟ್ಟೆ ಮಡಚೋರು, ನನ್ನ ತಲೆ ಬಾಚೋರು. ಹತ್ತು ಹದಿನೈದು ದಿನ ಆದ್ಮೇಲೆ ಒಂದು ರಾತ್ರಿ ಪಕ್ಕದಲ್ಲಿ ಮಲಗಿದ್ದಾಗ ಕತ್ತಲಲ್ಲಿ ಮೆಲ್ಲಗೆ "ನಂಗೂ ಅವನ ಮೇಲೆ ತುಂಬಾ ಸಿಟ್ಟು ಬಂದಿದೆ ಕಣೆ, ಮಾತು ಬಿಟ್ಟಿದೀನಿ" ಅಂದ್ರು. ಅವನ ಮೇಲೆ ಅಂದ್ರೆ ದೇವರ ಮೇಲೆ. ನಾನು ಆವತ್ತೇ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಿದ್ದು. ನಂಬೋರು ಹೇಗಿರ್ತಾರೆ ಅಂತ ನಂಗೆ ಗೊತ್ತು ಅಂದ್ಕೊಂಡಿದ್ದೆ, ಗೊತ್ತಿರ್ಲಿಲ್ಲ. ನಾನು ಇಲ್ಲ ಅನ್ನೋ ದೇವರ ಜೊತೆ ಅವರು ನನಗೋಸ್ಕರ ಜಗಳ ಆಡ್ತಿದ್ರು.

ಕೆಲವು ತಿಂಗಳಾದ್ಮೇಲೆ ಮತ್ತೆ ಪ್ರಾರ್ಥನೆ ಶುರು ಮಾಡಿದ್ರು, ಅವರಿಬ್ಬರ ನಡುವೆ ಏನು ರಾಜಿ ಆಯ್ತೋ ನಾನು ಕೇಳ್ಲಿಲ್ಲ.

---

ನಂಬಿದೋನು:

ಖಾಲಿ ಜೋಕಾಲಿ ಅಕ್ಕ, ಇದಕ್ಕೆ ಏನ್ ಬರೀಬೇಕು ಗೊತ್ತಾಗ್ತಿಲ್ಲ. "ಅವನ ಇಚ್ಛೆ" ಅನ್ನೋ ಮಾತು ನಾನೂ ಸಾವಿನ ಮನೇಲಿ ಎಷ್ಟೋ ಸಲ ಹೇಳಿದೀನಿ. ಕೇಳೋರಿಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀನಿ ಅಂದ್ಕೊಂಡಿದ್ದೆ, ಈಗ ಯೋಚ್ನೆ ಮಾಡಿದ್ರೆ ನಂಗೆ ಮಾತು ಸಿಗದೇ ಇದ್ದಾಗ ಹೇಳ್ತಿದ್ದಿದ್ದು ಅದು.

ಬೈಬಲ್ಲಿನಲ್ಲಿ ಯೋಬನ ಕಥೆ ಇದೆಯಲ್ಲ, ಮಕ್ಕಳು ಆಸ್ತಿ ಆರೋಗ್ಯ ಎಲ್ಲಾ ಹೋಗಿ ನೆಲದ ಮೇಲೆ ಕೂತಿರ್ತಾನೆ, ಮೂವರು ಸ್ನೇಹಿತರು ನೋಡಕ್ಕೆ ಬರ್ತಾರೆ. ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೇ ಅವನ ಜೊತೆ ನೆಲದ ಮೇಲೆ ಕೂತಿರ್ತಾರೆ. ಅಲ್ಲೀವರೆಗೂ ಸರಿ ಇತ್ತು. ಆಮೇಲೆ ಬಾಯಿ ಬಿಟ್ರು ನೋಡಿ, ನೀನೇನೋ ತಪ್ಪು ಮಾಡಿರ್ಬೇಕು ಅದಕ್ಕೇ ದೇವರು ಹೀಗೆ ಮಾಡಿದಾನೆ ಅಂತ ದೇವರ ಪರ ವಕಾಲತ್ತು ಶುರು ಹಚ್ಕೊಂಡ್ರು. ಕೊನೇಲಿ ದೇವರು ಬೈಯೋದು ಯೋಬನಿಗಿಂತ ಜಾಸ್ತಿ ಆ ಸ್ನೇಹಿತರಿಗೇ. ಎಷ್ಟೋ ಸಲ ಓದಿದ ಕಥೆ, ಆ ಮೂವರಲ್ಲಿ ನಾನೂ ಒಬ್ಬ ಅಂತ ಹೊಳೆದಿರ್ಲಿಲ್ಲ.

---

ಪೂರ್ವಪಕ್ಷ:

ತಡವಾಗಿ ಬಂದೆ. ಇಲ್ಲಿ ಎಲ್ಲರೂ ಆಸ್ತಿಕ ನಾಸ್ತಿಕ ಅಂತ ಬೋರ್ಡ್ ಹಾಕ್ಕೊಂಡು ಕೂತಿರೋದು ನೋಡಿ ಒಂದು ಮಾತು, ಸ್ವಲ್ಪ ದಾರಿ ತಪ್ಪತ್ತೆ ಆದ್ರೂ ಹೇಳ್ಬಿಡ್ತೀನಿ ಮಾರಾಯ್ರೆ, ನಂಗೆ ಪದಗಳ ಹುಚ್ಚು.

ಈ ಎರಡು ಪದ ಪಾಣಿನಿಯ ವ್ಯಾಕರಣದಲ್ಲೇ ಇವೆ, "ಇದೆ" ಅನ್ನೋ ಮತಿ ಇರೋನು ಆಸ್ತಿಕ, "ಇಲ್ಲ" ಅನ್ನೋನು ನಾಸ್ತಿಕ. ಏನು ಇದೆ ಅಂತ ಸೂತ್ರ ಹೇಳಲ್ಲ, ವ್ಯಾಖ್ಯಾನ ಬರೆದೋರು ಪರಲೋಕ ಅಂತ ತುಂಬಿಸ್ಕೊಂಡ್ರು. ಮನುಸ್ಮೃತಿಗೆ ಬಂದ್ರೆ ವೇದವನ್ನ ನಿಂದಿಸೋನು ನಾಸ್ತಿಕ. ಅಂದ್ರೆ ದೇವರ ಪ್ರಶ್ನೆನೇ ಅಲ್ಲಿ ಮುಖ್ಯ ಅಲ್ಲ. ಸಾಂಖ್ಯ, ಮೀಮಾಂಸೆ ಅನ್ನೋ ಹಳೇ ದರ್ಶನಗಳೋರು ಜಗತ್ತನ್ನ ಸೃಷ್ಟಿ ಮಾಡಿದ ದೇವರು ಬೇಕಿಲ್ಲ ಅಂತ ವಾದ ಮಾಡಿದೋರು, ಆದ್ರೂ ಆಸ್ತಿಕರ ಸಾಲಲ್ಲಿ ಕೂತಿದಾರೆ. ಜೈನರು ಬೌದ್ಧರು ಅಷ್ಟೊಂದು ಧ್ಯಾನ ವ್ರತ ನಿಯಮ ಇಟ್ಕೊಂಡೂ ನಾಸ್ತಿಕರು ಅನ್ನಿಸ್ಕೊಂಡ್ರು. ಇನ್ನು ಇಂಗ್ಲಿಷಿನೋರ ಅಗ್ನಾಸ್ಟಿಕ್ (ದೇವರಿದಾನೋ ಇಲ್ವೋ ಗೊತ್ತಿಲ್ಲ ಅನ್ನೋನು) ಅನ್ನೋ ಪದ ಟಿ.ಎಚ್. ಹಕ್ಸ್ಲಿ ಅನ್ನೋ ಜೀವವಿಜ್ಞಾನಿ 1869ರಲ್ಲಿ ಹುಟ್ಟಿಸಿದ್ದು, ಎಲ್ಲರಿಗೂ ಒಂದೊಂದು ಬಾಲ, ಅಂದ್ರೆ ಬೋರ್ಡು, ಇದೆ ನಂಗೊಬ್ಬಂಗೇ ಇಲ್ಲ ಅನ್ನೋ ಸಂಕಟಕ್ಕೆ. ಬೋರ್ಡು ನೋಡಿ ಒಳಗಿರೋ ಮನುಷ್ಯನ ಬಗ್ಗೆ ತೀರ್ಮಾನ ಮಾಡಕ್ಕಾಗಲ್ಲ ಅಂತ ಹೇಳಕ್ಕೆ ಇಷ್ಟೆಲ್ಲ ಸುತ್ತಿದೆ.

ನನ್ನ ಹೆಸರಿಗೆ ಕಾರಣನೂ ಹೇಳ್ಬಿಡ್ತೀನಿ. ಹಳೇ ವಾದಗಳಲ್ಲಿ ಒಂದು ಪದ್ಧತಿ ಇತ್ತು, ಎದುರಾಳಿಯನ್ನ ಖಂಡಿಸೋ ಮುಂಚೆ ಅವನ ವಾದವನ್ನ ನೀನೇ ಪೂರ್ತಿ ಹೇಳ್ಬೇಕು, ಅದೇ ಪೂರ್ವಪಕ್ಷ. 14ನೇ ಶತಮಾನದಲ್ಲಿ ಮಾಧವಾಚಾರ್ಯ ಸರ್ವದರ್ಶನಸಂಗ್ರಹ ಬರೆದಾಗ ಪುಸ್ತಕ ಶುರು ಮಾಡಿದ್ದೇ ದೇವರು ಪರಲೋಕ ಎರಡನ್ನೂ ಒಪ್ಪದ ಚಾರ್ವಾಕರಿಂದ. ಚಾರ್ವಾಕರ ಸ್ವಂತ ಗ್ರಂಥಗಳು ಹೆಚ್ಚುಕಡಿಮೆ ಎಲ್ಲಾ ಕಳೆದುಹೋಗಿವೆ, ಅವರು ಏನ್ ಹೇಳ್ತಿದ್ರು ಅಂತ ಇವತ್ತು ನಮಗೆ ಗೊತ್ತಿರೋದು ಬಹುಪಾಲು ಅವರನ್ನ ಒಪ್ಪದೇ ಇದ್ದೋರು ಬರೆದಿಟ್ಟಿದ್ದರಿಂದ. ವಿಚಿತ್ರ ಅಲ್ವಾ? ಅವರು ನ್ಯಾಯವಾಗೇ ಬರೆದ್ರಾ ಇಲ್ಲ ಸ್ವಲ್ಪ ವಕ್ರ ಮಾಡಿದ್ರಾ ಅನ್ನೋ ಅನುಮಾನ ನಂಗಿದೆ, ಆದ್ರೆ ಬರೆದ್ರಲ್ಲ.

ಈಗ ಅರೆನಿದ್ದೆ ಪ್ರಶ್ನೆಗೆ. ನಿಮಗೆ ಚಾರ್ಲ್ಸ್ ಡಾರ್ವಿನ್ ಹೆಂಡತಿ ಎಮ್ಮಾ ಕಥೆ ಹೇಳ್ಬೇಕು. 1839ರಲ್ಲಿ ಮದುವೆ. ಆಕೆ ಗಟ್ಟಿ ನಂಬಿಕೆಯೋಳು, ಇವನಿಗೆ ಆಗ್ಲೇ ಸಂಶಯ ಶುರುವಾಗಿತ್ತು, ಅದನ್ನ ಮುಚ್ಚಿಡದೇ ಆಕೆಗೆ ಹೇಳಿದ್ದ. ಮದುವೆ ಆಗಿ ಸ್ವಲ್ಪ ದಿನಕ್ಕೆ ಆಕೆ ಅವನಿಗೊಂದು ಕಾಗದ ಬರೀತಾಳೆ, ಒಂದೇ ಮನೇಲಿ ಇದ್ಕೊಂಡು. ಸಾಬೀತಾಗೋವರೆಗೂ ಏನನ್ನೂ ನಂಬಬಾರದು ಅನ್ನೋ ವಿಜ್ಞಾನದ ಅಭ್ಯಾಸ, ಆ ರೀತಿ ಸಾಬೀತು ಮಾಡಕ್ಕಾಗದ ವಿಷಯಗಳಿಗೂ ನಿನ್ನ ಮನಸ್ಸಲ್ಲಿ ಹರಡ್ತಿದೆಯೇನೋ ಅನ್ನೋ ಭಯ ನಂಗೆ ಅಂತ. ಅವಳ ಅಸಲಿ ಸಂಕಟ ವಾದದ್ದಲ್ಲ, ಸತ್ತ ಮೇಲೆ ನಾವಿಬ್ಬರೂ ಒಟ್ಟಿಗೆ ಇರಲ್ವೇನೋ ಅನ್ನೋದು. ಅವನು ಆಕೆ ಹೇಳಿದಂತೆ ನಂಬ್ಲಿಲ್ಲ, 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರ್ಕೊಂಡ ಮೇಲಂತೂ ಇದ್ದಬದ್ದದ್ದೂ ಹೋಯ್ತು ಅಂತಾರೆ. ಎಮ್ಮಾ ಮಕ್ಕಳ ಜೊತೆ ಚರ್ಚಿಗೆ ಹೋದ್ರೆ ಇವನು ವಾಕಿಂಗ್ ಹೋಗೋನು. ಆದ್ರೆ ಆ ಕಾಗದ ಮಾತ್ರ ಸಾಯೋವರೆಗೂ ಜೋಪಾನವಾಗಿ ಇಟ್ಕೊಂಡಿದ್ದ. ಅದರ ಮೇಲೆ ಅವನ ಕೈಬರಹದಲ್ಲಿ ಎರಡು ಸಾಲು ಇದೆ: ನಾನು ಸತ್ತ ಮೇಲೆ ನಿನಗೆ ತಿಳಿದಿರಲಿ, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ.

43 ವರ್ಷ ಸಂಸಾರ ಮಾಡಿದ್ರು. ಆಕೆ ಅವನನ್ನ ಒಪ್ಪಿಸಕ್ಕಾಗ್ಲಿಲ್ಲ, ಅವನು ಆಕೆಯನ್ನ ಬದಲಾಯಿಸಕ್ಕೆ ಹೊರಡ್ಲಿಲ್ಲ. ಆದ್ರೆ ಅವನಿಗೆ ಆ ಕಾಗದದಲ್ಲಿ ಕಂಡಿದ್ದು ಧರ್ಮ ಅಲ್ಲ, ಅವಳ ಭಯ. ನಿಮ್ಮ ಸ್ನೇಹಿತನ ಫೋನಲ್ಲಿ ನಿಮಗೆ ಧರ್ಮ ಕೇಳಿಸ್ತು.

---

ಲೆಕ್ಕಾಚಾರಿ:

ಎಲ್ರೂ ಸೇರಿ ನನ್ನ ವಿಲನ್ ಮಾಡಿದೀರ, ಪರವಾಗಿಲ್ಲ 😀

ಖಾಲಿ ಜೋಕಾಲಿ ಅವರೇ, ನಿಮ್ಮದು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ನಂಬಿದೋನು ಸಾರ್, ಗಾಲ್ಟನ್ ವಿಷ್ಯ ನೀವು ಹೇಳಿದ್ದು ಸರಿ, ನಾನು ಬೇಕಾದಷ್ಟೇ ಹೆಕ್ಕಿಕೊಂಡೆ.

ಆದ್ರೆ ಒಂದು ವಿಷ್ಯದಲ್ಲಿ ನಾನು ಹಿಂದೆ ಸರಿಯಲ್ಲ. "ಪರಸ್ಪರ" ಅಂತೀರಲ್ಲ, ತಕ್ಕಡಿ ಎರಡೂ ಕಡೆ ಸಮ ಇಲ್ಲ. 1948ರ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿ ಧರ್ಮ ಅಥವಾ ನಂಬಿಕೆಯನ್ನ ಬದಲಾಯಿಸೋ ಹಕ್ಕು ಎಲ್ಲರಿಗೂ ಇದೆ ಅನ್ನತ್ತೆ, ಆದ್ರೂ ಧರ್ಮ ಬಿಟ್ಟೆ ಅಂದ್ರೆ ಮರಣದಂಡನೆ ಅನ್ನೋ ಕಾನೂನು ಇವತ್ತಿಗೂ ಕೆಲವು ದೇಶಗಳಲ್ಲಿದೆ. ಅಷ್ಟು ದೂರ ಬೇಡ, ನಂಬೋನು ನಂಬ್ತೀನಿ ಅಂದ್ರೆ ಅದು ಸಂಸ್ಕಾರ, ನಂಬಲ್ಲ ಅಂತ ಅಷ್ಟೇ ಮೆಲ್ಲಗೆ ನಾನು ಹೇಳಿದ್ರೆ ಅದು ಅಹಂಕಾರ. ಮನೇಲಿ ನಾನು ನಂಬಲ್ಲ ಅಂತ ಹೇಳಿದ ದಿನ ನಮ್ಮಪ್ಪ ಒಂದು ತಿಂಗಳು ನನ್ನ ಜೊತೆ ಊಟಕ್ಕೆ ಕೂತಿರ್ಲಿಲ್ಲ. ನಾನೇನು ಅವರ ದೇವರನ್ನ ಬೈದಿರ್ಲಿಲ್ಲ, ಕೇಳಿದ್ರು, ಸುಳ್ಳು ಹೇಳ್ಲಿಲ್ಲ ಅಷ್ಟೆ. ಆಮೇಲೆ ಕೂತ್ರು, ಆದ್ರೆ ಆ ವಿಷ್ಯ ಮತ್ತೆ ನಾವಿಬ್ಬರೂ ಮಾತಾಡಿಲ್ಲ, ಈಗ ಅವರೂ ಇಲ್ಲ. ಅದಕ್ಕೆ ನಿಜ ಹೇಳಿದ್ದಕ್ಕೆ ಯಾರಾದ್ರೂ ಬೈಸ್ಕೊಳ್ತಿದ್ರೆ ನಂಗೆ ರಕ್ತ ಕುದಿಯತ್ತೆ.

---

ಪೂರ್ವಪಕ್ಷ:

ಲೆಕ್ಕಾಚಾರಿ, ಇದನ್ನ ಮೊದಲ ಕಾಮೆಂಟಲ್ಲೇ ಬರೆದಿದ್ರೆ ಆ 59% ಬೇಕೇ ಇರ್ಲಿಲ್ಲ ಮಾರಾಯ್ರೆ.

ತಕ್ಕಡಿ ಸಮ ಇಲ್ಲ ಅನ್ನೋದು ನಿಜ. ಅದಕ್ಕೇ ಜಾಸ್ತಿ ಜನ ಇರೋ ಕಡೆಯಿಂದ ಒಬ್ಬರು ಬಗ್ಗಿದ್ದು ನೆನಪಾಗತ್ತೆ. ಗೋರಾ ಅಂತ ಇದ್ರಲ್ಲ, ಗೋಪರಾಜು ರಾಮಚಂದ್ರ ರಾವ್, ಪಕ್ಕಾ ನಾಸ್ತಿಕ, ಅದನ್ನ ಪ್ರಚಾರ ಮಾಡ್ತಾ ಅಸ್ಪೃಶ್ಯತೆ ವಿರುದ್ಧ ಹಳ್ಳಿಗಳಲ್ಲಿ ಕೆಲಸ ಮಾಡಿದೋರು. ಗಾಂಧಿ ದಿನಾ ಪ್ರಾರ್ಥನೆ ಮಾಡೋ ಮನುಷ್ಯ. ಇಬ್ಬರೂ 1944ರಿಂದ ಸೇವಾಗ್ರಾಮದಲ್ಲಿ ಕೂತು ಮಾತಾಡ್ತಿದ್ರು, ಗೋರಾ ಆಮೇಲೆ 1951ರಲ್ಲಿ ಅದನ್ನ ಪುಸ್ತಕ ಮಾಡಿದ್ರು. ಗೋರಾ ಮಗಳ ಮದುವೆ ಆಶ್ರಮದಲ್ಲಿ ಮಾಡೋಣ ಅಂತ ಮಾತಾದಾಗ ಪ್ರತಿಜ್ಞೆಯಲ್ಲಿ ದೇವರು ಅನ್ನೋ ಜಾಗಕ್ಕೆ ಸತ್ಯ ಅಂತ ಹಾಕಕ್ಕೆ ಗಾಂಧಿನೇ ಒಪ್ಪಿದ್ರು. ಮದುವೆ ಹೊತ್ತಿಗೆ ಗಾಂಧಿ ಇರ್ಲಿಲ್ಲ, ಆದ್ರೂ 1948ರ ಮಾರ್ಚಲ್ಲಿ ಸೇವಾಗ್ರಾಮದಲ್ಲೇ ನಡೀತು. ಇಬ್ಬರಲ್ಲಿ ಯಾರೂ ತಮ್ಮ ಮಾತು ಬಿಡ್ಲಿಲ್ಲ, ಒಂದು ಪದ ಬದಲಾಯ್ತು ಅಷ್ಟೆ.

---

ನಿವೃತ್ತ ನರ್ಸಮ್ಮ:

ಲೆಕ್ಕಾಚಾರಿ ಅವರೇ, ನಿಮ್ಮ ಅಪ್ಪ ಒಂದು ತಿಂಗಳಾದ್ಮೇಲೆ ಊಟಕ್ಕೆ ಕೂತ್ರು ಅಂದ್ರಲ್ಲ, ಯಾರು ಕರೆದಿದ್ದು? ನೀವಾ, ಅವರೇ ಬಂದ್ರಾ?

---

ಲೆಕ್ಕಾಚಾರಿ:

ಅವರೇ ಬಂದ್ರು ಮೇಡಂ. ತಟ್ಟೆ ಹಿಡ್ಕೊಂಡು ಬಂದು ಎದುರಿಗೆ ಕೂತ್ರು, "ಉಪ್ಪು ಕೊಡು" ಅಂದ್ರು. ಅಷ್ಟೇ. ಈಗ ಯಾಕೆ ಕೇಳಿದ್ರಿ ಅಂತ ಅರ್ಥ ಆಯ್ತು.

---

ಅರೆನಿದ್ದೆ:

ಎಲ್ಲರಿಗೂ ಉತ್ತರ ಬರೆಯಕ್ಕೆ ಮೂರು ದಿನ ಆಯ್ತು, ಕ್ಷಮಿಸಿ. ಎಲ್ಲಾ ಎರಡೆರಡು ಸಲ ಓದ್ದೆ. ನಂಬಿದೋನು ಸಾರ್, "ನಂಗೆ" ಅಂತ ಶುರು ಮಾಡಿದ್ದು ಅಂದ್ರಲ್ಲ, ಅದು ಚೆನ್ನಾಗಿ ನಾಟಿತು. ಖಾಲಿ ಜೋಕಾಲಿ ಅಕ್ಕ, ನಿಮ್ಮ ಅತ್ತೆ ಬಗ್ಗೆ ನನ್ನ ಹೆಂಡತಿಗೆ ಓದಿ ಹೇಳಿದೆ, ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ.

ಇಲ್ಲಿ ಓದಿದ ಮೇಲೆ ನಿನ್ನೆ ಆಸ್ಪತ್ರೆಗೆ ಹೋದೆ. ಅವರಪ್ಪ ನಿದ್ದೆ ಮಾಡ್ತಿದ್ರು, ಇಬ್ಬರೂ ಕಾರಿಡಾರಲ್ಲಿ ಕೂತ್ವಿ. ಏನೇನೋ ಪ್ರಿಪೇರ್ ಮಾಡ್ಕೊಂಡು ಹೋಗಿದ್ದೆ, ಡಾರ್ವಿನ್ ಕಥೆನೂ ಹೇಳೋಣ ಅಂದ್ಕೊಂಡಿದ್ದೆ, ಒಂದೂ ಬರ್ಲಿಲ್ಲ. "ಆವತ್ತು ರಾತ್ರಿ ನಾನು ಹಾಗ್ ಹೇಳಬಾರದಿತ್ತು ಕಣೋ" ಅಂದೆ ಅಷ್ಟೆ.

ಅವನು ಗೋಡೆ ನೋಡ್ತಾ ಒಂದು ಮಾತು ಹೇಳಿದ. ಆವತ್ತು ರಾತ್ರಿ ಅವನಿಗೇ ಪ್ರಾರ್ಥನೆ ಬರ್ತಿರ್ಲಿಲ್ವಂತೆ. ಚಿಕ್ಕೋನಿಂದ ದಿನಾ ಮಾಡ್ತಿದ್ದೋನು, ಐಸಿಯು ಬಾಗಿಲ ಹೊರಗೆ ನಿಂತು ಕಣ್ಮುಚ್ಚಿದ್ರೆ ಒಂದು ಪದನೂ ಬಾಯಿಗೆ ಬರ್ಲಿಲ್ಲ, ಒಳಗೆ ಯಾರೂ ಇಲ್ಲ ಅನ್ನೋ ಥರ ಆಗೋಯ್ತು, ಹೆದರಿಕೆ ಆಗಿ ಫೋನಲ್ಲಿರೋ ನಂಬರ್ ಎಲ್ಲಾ ಒಂದೊಂದಾಗಿ ಒತ್ತಿದೆ ಅಂದ. ನಂಗೆ ಆಗ್ತಿಲ್ಲ, ಯಾರಾದ್ರೂ ಮಾಡ್ಲಿ ಅಂತ. "ನಂಗೆ ಸಿಟ್ಟು ಬಂದಿದ್ದು ನಿನ್ನ ಮೇಲಲ್ಲ ಕಣೋ. ನೀನು ನಂಬಿಕೆ ಇಲ್ಲ ಅಂದಾಗ, ಅಯ್ಯೋ ಇವನಿಗೂ ನನ್ನ ಥರನೇ ಆಗಿದೆ ಅನ್ಸ್ತು, ನಂಗೆ ನಿನ್ನ ಮುಖ ನೋಡಕ್ಕೇ ಭಯ ಆಗೋಯ್ತು" ಅಂದ.

ಎರಡು ವಾರ ನಾನು ಯೋಚ್ನೆ ಮಾಡಿದ್ದೆಲ್ಲಾ ಬೇರೆನೇ ಇತ್ತು.

ಈಗ ಬರತ್ತಾ ಅಂತ ಕೇಳ್ದೆ. "ಬರತ್ತೆ, ಸ್ವಲ್ಪ ಸ್ವಲ್ಪ" ಅಂದ. ನಂಗೆ ಯಾಕೋ ಅದು ಕೇಳಿ ನಿಜವಾಗ್ಲೂ ಖುಷಿ ಆಯ್ತು, ನಾನಂತೂ ನಂಬಲ್ಲ, ಆದ್ರೂ.

ನಾಳೆ ಡಿಸ್ಚಾರ್ಜ್. "ಹತ್ತು ಗಂಟೆಗೆ ಕಾರ್ ತಗೊಂಡ್ ಬಾ, ಲೇಟ್ ಮಾಡಿದ್ರೆ ಒದೀತೀನಿ" ಅಂತ ಮೆಸೇಜ್ ಹಾಕಿದಾನೆ. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ.